ಡಾರ್ವಿನ್‌ಗಿಂತ ಮೊದಲು ಕಲ್ಲೇಟು ತಿಂದ ಪ್ರಕಾಶಕ

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಚೇಂಬರ್ಸ್ ಡಿಕ್ಷನರಿ ಇದೆ. ಈಚೆಗೆ ಒಂದು ಉಪನ್ಯಾಸದಲ್ಲಿ ಹೀಗೆ ಹೇಳಿದರು: ‘ಈ ಚೇಂಬರ್ಸ್ ಡಾರ್ವಿನ್‌ಗಿಂತ 15 ವರ್ಷ ಮೊದಲೇ ಜೀವವಿಕಾಸದ ಬಗ್ಗೆ ಪುಸ್ತಕ ಬರೆದಿದ್ದ. ಹೆದರಿ ಹೆಸರು ಹಾಕಲಿಲ್ಲ. ಡಾರ್ವಿನ್ ಅದನ್ನೇ ಕದ್ದು ದೊಡ್ಡವನಾದ.’ ಇದು ನಿಜವೇ? ಯಾರು ಈ ಮನುಷ್ಯ? ಅಷ್ಟೊಂದು ಹೆದರಿದ್ದು ಯಾರಿಗೆ?

ಉತ್ತರ: ಉಪನ್ಯಾಸಕರ ಮೂರು ಮಾತುಗಳಲ್ಲಿ ಮೊದಲನೆಯದು ನಿಜ, ಎರಡನೆಯದು ಮುಕ್ಕಾಲು ನಿಜ, ಮೂರನೆಯದು ಸುಳ್ಳು. ರಾಬರ್ಟ್ ಚೇಂಬರ್ಸ್ ಎಂಬ ಸ್ಕಾಟ್ಲೆಂಡಿನ ಲೇಖಕ, ಪ್ರಕಾಶಕ 1844ರಲ್ಲಿ ಅಂಥದೊಂದು ಪುಸ್ತಕ ಬರೆದ. ಹೆಸರು ಹಾಕಲಿಲ್ಲ, ಸಾಯುವ ತನಕ ಬಹಿರಂಗವಾಗಿ ಒಪ್ಪಿಕೊಳ್ಳಲೂ ಇಲ್ಲ. ಅದಕ್ಕೆ ಬರೀ ಹೆದರಿಕೆ ಎಂಬ ಹೆಸರು ಕೊಡಲು ನನಗೆ ಮನಸ್ಸಿಲ್ಲ. ಅದರಲ್ಲಿ ನುರಿತ ವ್ಯಾಪಾರಿಯ ಲೆಕ್ಕಾಚಾರವೂ ಇತ್ತು. ಅದು ಅರ್ಥವಾಗಬೇಕಾದರೆ ಆತ ಬೆಳೆದು ಬಂದ ದಾರಿಯನ್ನು ಸ್ವಲ್ಪ ನೋಡಬೇಕು.

ರಾಬರ್ಟ್ ಹುಟ್ಟಿದ್ದು 1802ರ ಜುಲೈ 10ರಂದು, ಇಂಗ್ಲೆಂಡಿನ ಗಡಿಗೆ ಹತ್ತಿರದ ಪೀಬಲ್ಸ್ ಎಂಬ ಪುಟ್ಟ ಊರಿನಲ್ಲಿ. ಅಣ್ಣ ವಿಲಿಯಂ ಎರಡು ವರ್ಷ ದೊಡ್ಡವನು. ಇಬ್ಬರಿಗೂ ಹುಟ್ಟಿನಿಂದಲೇ ಕೈಯಲ್ಲಿ ಆರಾರು ಬೆರಳು, ಕಾಲಲ್ಲೂ ಆರಾರು. ಹೆಚ್ಚಿನ ಬೆರಳುಗಳನ್ನು ಕತ್ತರಿಸಿ ತೆಗೆಸಿದರು. ಅಣ್ಣನ ಗಾಯ ಸರಿಯಾಗಿ ಮಾಯಿತು, ತಮ್ಮನ ಪಾದ ಕೆಟ್ಟಿತು. ಓರಗೆಯ ಹುಡುಗರು ಬೆಟ್ಟ ಹತ್ತಿ ಹೊಳೆಗೆ ಧುಮುಕುವಾಗ ಕುಂಟುವ ರಾಬರ್ಟ್ ಮನೆಯ ಮೂಲೆ ಹಿಡಿದ. ಅಟ್ಟದ ಮೇಲೊಂದು ಪೆಟ್ಟಿಗೆ. ಅದರೊಳಗೆ, ಅಪ್ಪ ಊರಿನ ಪುಸ್ತಕದಂಗಡಿಯಿಂದ ಯಾವುದೋ ಹುರುಪಿನಲ್ಲಿ ಕೊಂಡು ತಂದಿದ್ದ ‘ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ’ದ ಸಂಪುಟಗಳು. ಹುಡುಗ ಅದರಲ್ಲಿ ಮುಳುಗಿದ. ನಕ್ಷತ್ರ, ಕಲ್ಲು, ಪ್ರಾಣಿ, ಚರಿತ್ರೆ ಎಲ್ಲವೂ ಒಂದರ ಪಕ್ಕ ಒಂದು ಕೂತಿರುವ ಆ ಓದಿನ ಅಭ್ಯಾಸ ಮುಂದೆ ಆತನ ಬರವಣಿಗೆಯ ಬಲವೂ ಆಯಿತು, ದೋಷವೂ ಆಯಿತು.

ಅಪ್ಪ ಜೇಮ್ಸ್ ಕೈಮಗ್ಗದ ಹತ್ತಿಬಟ್ಟೆ ನೇಯಿಸುವ ವ್ಯಾಪಾರಿ. ಯಂತ್ರದ ಮಗ್ಗ ಬಂದು ಆ ಕಸುಬಿಗೆ ಕೊಡಲಿ ಪೆಟ್ಟು ಬಿತ್ತು. ಜೊತೆಗೆ ಇನ್ನೊಂದು ಎಡವಟ್ಟು: ನೆಪೋಲಿಯನ್ ಯುದ್ಧದಲ್ಲಿ ಸೆರೆಸಿಕ್ಕ ಫ್ರೆಂಚ್ ಅಧಿಕಾರಿಗಳನ್ನು ಪೀಬಲ್ಸ್‌ನಲ್ಲಿ ಇಟ್ಟಿದ್ದರು. ಅಪ್ಪ ಅವರಿಗೆ ಧಾರಾಳವಾಗಿ ಬಟ್ಟೆ ಸಾಲ ಕೊಟ್ಟ. ಒಂದು ದಿನ ಅವರನ್ನು ಬೇರೆ ಊರಿಗೆ ಕಳಿಸಿದರು, ಸಾಲವೂ ಅವರ ಜೊತೆಗೇ ಹೋಯಿತು. ಮನೆ ದಿವಾಳಿಯಾಗಿ 1813ರಲ್ಲಿ ಕುಟುಂಬ ಎಡಿನ್‌ಬರೊ ಸೇರಿತು. ಅಲ್ಲಿ ವಿಲಿಯಂ ಒಬ್ಬ ಪುಸ್ತಕ ವ್ಯಾಪಾರಿಯ ಬಳಿ ಕೆಲಸಕ್ಕೆ ನಿಂತ. ಕೈಗೆ ಬರುವ ಸಂಬಳ ಹೊಟ್ಟೆಗೂ ಸಾಲದು. ಬೆಳಗಿನ ಜಾವ ಒಬ್ಬ ಬೇಕರಿಯವನ ನೆಲಮಾಳಿಗೆಗೆ ಹೋಗಿ, ಅವನು ಹಿಟ್ಟು ನಾದುವಷ್ಟು ಹೊತ್ತು ಕಾದಂಬರಿ ಓದಿ ಹೇಳುತ್ತಿದ್ದ. ಕೂಲಿ, ಒಲೆಯಿಂದ ಆಗಷ್ಟೇ ತೆಗೆದ ಒಂದು ಬಿಸಿ ಬನ್ನು. ಓದಿಗೂ ಅನ್ನಕ್ಕೂ ಇರುವ ಸಂಬಂಧವನ್ನು ಈ ಅಣ್ಣತಮ್ಮಂದಿರು ಕಲಿತದ್ದು ಹೀಗೆ.

ರಾಬರ್ಟ್‌ನನ್ನು ಪಾದ್ರಿ ಮಾಡಬೇಕೆಂದು ಮನೆಯವರಿಗೆ ಆಸೆಯಿತ್ತು. ಕಾಲೇಜಿಗೆ ದುಡ್ಡಿಲ್ಲ. ಗುಮಾಸ್ತಿಕೆಗೆ ಹೋದಲ್ಲಿ ಬೇಡವೆಂದು ಕಳಿಸಿದರು. 1818ರಲ್ಲಿ, 16ನೇ ವಯಸ್ಸಿಗೆ, ತನ್ನ ಶಾಲಾ ಪುಸ್ತಕಗಳನ್ನೂ ಮನೆಯ ಹಳೆ ಪುಸ್ತಕಗಳನ್ನೂ ಲೀತ್ ವಾಕ್ ಎಂಬ ಬೀದಿಯಲ್ಲಿ ಹರಡಿಕೊಂಡು ಕೂತ. ಹಳೆ ಪುಸ್ತಕದಂಗಡಿ ಎನ್ನುವುದೂ ದೊಡ್ಡ ಮಾತು, ಅದು ಪುಟ್ಟ ಕಟ್ಟೆ ವ್ಯಾಪಾರ. ಮರುವರ್ಷ ಅಣ್ಣನೂ ಅಲ್ಲೇ ಅಂಗಡಿ ತೆರೆದು ಒಂದು ಹಳೆಯ ಕೈಪ್ರೆಸ್ಸು ಕೊಂಡ. ಮೊಳೆ ಜೋಡಿಸುವುದೂ ಅವನೇ, ಒತ್ತುವುದೂ ಅವನೇ. ಕವಿ ರಾಬರ್ಟ್ ಬರ್ನ್ಸ್‌ನ ಹಾಡುಗಳ 750 ಪ್ರತಿಗಳನ್ನು ಹೀಗೆ ಒಬ್ಬನೇ ಅಚ್ಚು ಹಾಕಿದ. 1821ರಲ್ಲಿ ‘ಕೆಲೈಡೋಸ್ಕೋಪ್’ ಎಂಬ ಪತ್ರಿಕೆ ತೆಗೆದರು, ತಮ್ಮ ಬರೆಯುವುದು, ಅಣ್ಣ ಅಚ್ಚು ಮಾಡುವುದು. ಕೆಲವೇ ತಿಂಗಳಲ್ಲಿ ಅದು ನಿಂತಿತು.

ಇಲ್ಲಿ ಒಂದು ಸಣ್ಣ ವಿವರ ಹೇಳಬೇಕು, ಮುಂದೆ ಕೆಲಸಕ್ಕೆ ಬರುತ್ತದೆ. ರಾಬರ್ಟ್‌ನ ಕೈಬರಹ ಮುತ್ತು ಪೋಣಿಸಿದ ಹಾಗೆ. ವಾಲ್ಟರ್ ಸ್ಕಾಟ್‌ನ ಕಾವ್ಯದೊಳಗಿನ ಹಾಡುಗಳನ್ನು ಚಂದವಾಗಿ ನಕಲು ಮಾಡಿ ಆ ಮಹಾಶಯನಿಗೇ ಒಪ್ಪಿಸಿದ, ಅವನ ಕೃಪೆಗೆ ಪಾತ್ರನಾದ. 1824ರಲ್ಲಿ ‘ಟ್ರೆಡಿಷನ್ಸ್ ಆಫ್ ಎಡಿನ್‌ಬರೊ’ ಬಂತು: ಹಳೇ ಎಡಿನ್‌ಬರೊದ ಗಲ್ಲಿಗಳು, ಹುಚ್ಚು ಜಮೀನ್ದಾರರು, ಬೀದಿ ಜಗಳಗಳು, ದೆವ್ವದ ಮನೆಗಳು. ಬರೆದವನಿಗೆ ಆಗ 22 ವರ್ಷ. ಈ ಹುಡುಗನಿಗೆ ಇಷ್ಟೆಲ್ಲ ಎಲ್ಲಿ ಸಿಕ್ಕಿತು ಎಂದು ಸ್ವತಃ ಸ್ಕಾಟ್ ಬೆರಗಾದನಂತೆ. ಎರಡು ವರ್ಷದ ಮೇಲೆ ಜನಪದ ಪ್ರಾಸಗಳ ಸಂಗ್ರಹ, ಮರುವರ್ಷ ಸ್ಕಾಟ್ಲೆಂಡಿನಲ್ಲಿ ನಡೆದ 1745ರ ದಂಗೆಯ ಚರಿತ್ರೆ. ಹೀಗೆ ಒಂದಾದ ಮೇಲೊಂದು. 1829ರಲ್ಲಿ ಆ್ಯನ್ ಕರ್ಕ್‌ವುಡ್ ಜೊತೆ ಮದುವೆ. ಹುಟ್ಟಿದ ಮಕ್ಕಳು 14, ಉಳಿದದ್ದು 11.

ಚೇಂಬರ್ಸ್ ಎಂಬ ಹೆಸರನ್ನು ಮನೆಮಾತು ಮಾಡಿದ್ದು 1832ರ ಫೆಬ್ರುವರಿ 4ರ ಶನಿವಾರ ಶುರುವಾದ ವಾರಪತ್ರಿಕೆ, ‘ಚೇಂಬರ್ಸಸ್ ಎಡಿನ್‌ಬರೊ ಜರ್ನಲ್’. ಬೆಲೆ ಒಂದೂವರೆ ಪೆನ್ನಿ. ಯೋಚನೆ ವಿಲಿಯಂನದು, ಬರವಣಿಗೆಯ ಜೀವ ರಾಬರ್ಟ್‌ನದು. ಆ ಕಾಲದಲ್ಲಿ ಬ್ರಿಟನ್ನಿನ ಸುದ್ದಿಪತ್ರಿಕೆಗಳ ಮೇಲೆ ಪ್ರತಿಗೆ ನಾಲ್ಕು ಪೆನ್ನಿ ಮುದ್ರಾಂಕ ತೆರಿಗೆ ಇತ್ತು, ಬಡವರಿಗೆ ಪತ್ರಿಕೆ ಕೈಗೆಟುಕಬಾರದು ಎಂಬುದೇ ಅದರ ಒಳ ಉದ್ದೇಶ. ಸುದ್ದಿ ಹಾಕದಿದ್ದರೆ ತೆರಿಗೆ ಇಲ್ಲ. ಸೋದರರು ಸುದ್ದಿ ಬಿಟ್ಟರು. ರಾಜಕೀಯದ ಜಗಳ, ಚರ್ಚಿನ ಜಗಳ ಎರಡನ್ನೂ ಬಿಟ್ಟರು. ವಿಜ್ಞಾನ, ಪ್ರವಾಸ, ಜೀವನಚರಿತ್ರೆ, ಲಘು ಪ್ರಬಂಧ, ಒಂದು ಕಥೆ. ಕೆಲವೇ ವಾರಗಳಲ್ಲಿ 50,000 ಪ್ರತಿ ಹೋಗತೊಡಗಿತು. ಮುಂದೆ 80,000ವನ್ನೂ ದಾಟಿತು. ಗ್ಯಾಲೋವೇ ಬೆಟ್ಟಗಳ ಕುರಿಗಾಹಿಗಳ ಬಗ್ಗೆ ವಿಲಿಯಂ ದಾಖಲಿಸಿದ ಒಂದು ಸಂಗತಿ ನನಗೆ ತುಂಬ ಇಷ್ಟ. ಮೊದಲ ಕುರುಬ ಪತ್ರಿಕೆ ಓದಿ ಮುಗಿಸಿ ಬೆಟ್ಟದ ನೆತ್ತಿಯ ಗೊತ್ತಾದ ಕಲ್ಲಿನಡಿ ಇಟ್ಟು ಹೋಗುತ್ತಾನೆ. ಎರಡನೆಯವನು ಬಂದು ಎತ್ತಿಕೊಂಡು ಓದಿ ಇನ್ನೊಂದು ಬೆಟ್ಟದ ಕಲ್ಲಿನಡಿ ಇಡುತ್ತಾನೆ. ಹೀಗೆ ಒಂದು ಪ್ರತಿ ಮೈಲಿಗಟ್ಟಲೆ ಗುಡ್ಡ ಸುತ್ತುತ್ತಿತ್ತು.

ಈ ಪತ್ರಿಕೆಗೆ ರಾಬರ್ಟ್ ಬರೆದ ಪ್ರಬಂಧಗಳು ಸುಮಾರು 400. ಉಗಿಯಂತ್ರದ ಮುದ್ರಣ ಬಂತು, ಡಬ್ಲ್ಯು ಆ್ಯಂಡ್ ಆರ್ ಚೇಂಬರ್ಸ್ ಸಂಸ್ಥೆ ಬೆಳೆಯಿತು, ಶಾಲಾ ಪಠ್ಯಪುಸ್ತಕಗಳ ಮಾಲೆ ಬಂತು. ಪಠ್ಯಪುಸ್ತಕ ಎನ್ನುವುದನ್ನು ನೆನಪಿಡಿ. ಶಾಲೆಗಳು ಚರ್ಚಿನ ಹಿಡಿತದಲ್ಲಿದ್ದ ಕಾಲ ಅದು. ಪಾದ್ರಿಗಳಿಗೆ ಒಮ್ಮೆ ಅನುಮಾನ ಬಂದರೆ ಪುಸ್ತಕ ಶಾಲೆಯಿಂದ ಹೊರಗೆ. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚೇ ಎರಡು ಹೋಳಾಯಿತು, 450ಕ್ಕೂ ಹೆಚ್ಚು ಪಾದ್ರಿಗಳು ಹೊರನಡೆದು ಬೇರೆ ಚರ್ಚು ಕಟ್ಟಿದರು. ಇಡೀ ದೇಶದಲ್ಲಿ ಧರ್ಮದ ಮಾತು ಕಾದ ಎಣ್ಣೆಯಂತಿತ್ತು. ರಾಬರ್ಟ್ ತನ್ನ ಪುಸ್ತಕ ಬರೆಯುತ್ತಿದ್ದದ್ದು ಆ ದಿನಗಳಲ್ಲೇ.

1841ರಲ್ಲಿ ಆತ ಎಡಿನ್‌ಬರೊದ ಗದ್ದಲ ಬಿಟ್ಟು ಸಮುದ್ರ ತೀರದ ಸೇಂಟ್ ಆ್ಯಂಡ್ರೂಸ್‌ಗೆ ಹೋದ. ದುಡಿದು ದಣಿದಿದ್ದಾನೆ, ಗಾಲ್ಫ್ ಆಡಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾನೆ ಎಂದು ಜನ ಅಂದುಕೊಂಡರು. ಗಾಲ್ಫ್ ಆಡಿದ್ದೂ ನಿಜವೇ. ಆದರೆ ಮನೆಯೊಳಗೆ ಮೂರು ವರ್ಷ ಒಂದು ಹಸ್ತಪ್ರತಿ ಬೆಳೆಯುತ್ತಿತ್ತು.

1844ರ ಅಕ್ಟೋಬರ್‌ನಲ್ಲಿ ಅದು ಲಂಡನ್ನಿನಲ್ಲಿ ಪ್ರಕಟವಾಯಿತು. ಹೆಸರು ‘ವೆಸ್ಟಿಜಸ್ ಆಫ್ ದ ನ್ಯಾಚುರಲ್ ಹಿಸ್ಟರಿ ಆಫ್ ಕ್ರಿಯೇಶನ್’, ಸೃಷ್ಟಿಯ ಸಹಜ ಚರಿತ್ರೆಯ ಕುರುಹುಗಳು ಅಂತ ಇಟ್ಟುಕೊಳ್ಳಿ. ಲೇಖಕನ ಹೆಸರಿಲ್ಲ. ಗುಟ್ಟು ಕಾಯ್ದ ರೀತಿ ಪತ್ತೇದಾರಿ ಕಥೆಯನ್ನು ಮೀರಿಸುತ್ತದೆ. ರಾಬರ್ಟ್‌ನ ಆ ಮುತ್ತಿನಂಥ ಅಕ್ಷರವನ್ನು ಎಡಿನ್‌ಬರೊದಲ್ಲಿ ಗುರುತಿಸದವರಿಲ್ಲ. ಹಾಗಾಗಿ ಇಡೀ ಹಸ್ತಪ್ರತಿಯನ್ನು ಹೆಂಡತಿ ಆ್ಯನ್ ತನ್ನ ಕೈಯಲ್ಲಿ ನಕಲು ಮಾಡಿದಳು. ಅದು ಮ್ಯಾಂಚೆಸ್ಟರ್‌ನಲ್ಲಿದ್ದ ಗೆಳೆಯ ಅಲೆಗ್ಸಾಂಡರ್ ಐರ್ಲೆಂಡ್‌ಗೆ ಹೋಯಿತು. ಅವನು ಲಂಡನ್ನಿನ ಪ್ರಕಾಶಕ ಜಾನ್ ಚರ್ಚಿಲ್‌ಗೆ ಕಳಿಸಿದ. ಕರಡಚ್ಚುಗಳೂ ಅದೇ ಸುತ್ತು ಹಾದಿಯಲ್ಲಿ ಹಿಂದೆ ಮುಂದೆ. ತಾನು ಯಾರ ಪುಸ್ತಕ ಅಚ್ಚು ಹಾಕುತ್ತಿದ್ದೇನೆ ಎಂದು ಚರ್ಚಿಲ್‌ಗೇ ಗೊತ್ತಿರಲಿಲ್ಲ. ಗುಟ್ಟು ತಿಳಿದವರು ನಾಲ್ಕೇ ಜನ: ಆ್ಯನ್, ವಿಲಿಯಂ, ಐರ್ಲೆಂಡ್, ಮತ್ತು ರಾಬರ್ಟ್ ಕಾಕ್ಸ್ ಎಂಬ ಇನ್ನೊಬ್ಬ ಗೆಳೆಯ.

ಚರ್ಚಿಲ್‌ನನ್ನು ಆರಿಸಿದ್ದರಲ್ಲಿ ಜಾಣತನವಿದೆ. ಅವನು ವೈದ್ಯಕೀಯ ಪುಸ್ತಕಗಳ ಪ್ರಕಾಶಕ. ಜೀವ ಜಾತಿಗಳು ಬದಲಾಗುತ್ತವೆ ಎನ್ನುವ ಮಾತು ಆಗ ಕ್ರಾಂತಿಕಾರಿಗಳ, ನಾಸ್ತಿಕರ ಅಗ್ಗದ ಕರಪತ್ರಗಳಲ್ಲಿ ಓಡಾಡುತ್ತಿತ್ತು. ಅದೇ ಮಾತು ಡಾಕ್ಟರುಗಳ ಪುಸ್ತಕ ಹಾಕುವ ಮನೆಯಿಂದ, ಏಳೂವರೆ ಶಿಲ್ಲಿಂಗ್ ಬೆಲೆಗೆ, ಒಳ್ಳೆಯ ರಟ್ಟು ಹಾಕಿಕೊಂಡು ಬಂದರೆ ಮರ್ಯಾದಸ್ಥರ ಮನೆಯ ಮೇಜಿನ ಮೇಲೆ ಕೂರುತ್ತದೆ. ಅದು ಪ್ರಯೋಗಶಾಲೆಯವನಿಗೆ ಹೊಳೆಯುವ ಸಂಗತಿಯಲ್ಲ, ಪುಸ್ತಕ ಮಾರಿ ಬೆಳೆದವನಿಗೆ ಹೊಳೆಯುವಂಥದ್ದು.

ಪುಸ್ತಕದಲ್ಲಿ ಏನಿದೆ? ಬಾಹ್ಯಾಕಾಶದ ಬಿಸಿ ಮೋಡದಿಂದ ಸೂರ್ಯನೂ ಗ್ರಹಗಳೂ ಗಟ್ಟಿಯಾದವು ಎಂಬಲ್ಲಿಂದ ಕಥೆ ಶುರು. ಆಮೇಲೆ ಭೂಮಿಯ ಶಿಲಾಪದರಗಳು, ಅವುಗಳಲ್ಲಿ ಮೊದಲು ಸರಳ ಜೀವಿಗಳು, ಮೀನು, ಸರೀಸೃಪ, ಹಕ್ಕಿ, ಸಸ್ತನಿ, ಕೊನೆಗೆ ಮನುಷ್ಯ, ಅವನ ಮನಸ್ಸು, ಭಾಷೆ. ಇವೆಲ್ಲವೂ ಒಂದೇ ನಿಯಮದ ಹರಿವು ಎನ್ನುವುದು ವಾದ. ಗ್ರಹಗಳು ಸುತ್ತುವುದಕ್ಕೆ ದೇವರು ದಿನವೂ ಕೈಯಿಂದ ತಳ್ಳಬೇಕಿಲ್ಲ, ನಿಯಮ ಸಾಕು ಎಂದು ಒಪ್ಪುವವರು, ಪ್ರತಿಯೊಂದು ಚಿಪ್ಪುಹುಳುವಿಗೂ ದೇವರೇ ಬಂದು ಪ್ರತ್ಯೇಕ ಸೃಷ್ಟಿ ಮಾಡಿದ ಎನ್ನುವುದೇಕೆ? ಈ ಪ್ರಶ್ನೆ ಬಲವಾದದ್ದು. ಗಮನಿಸಿ, ಆತ ದೇವರನ್ನು ಹೊರಗಟ್ಟುವುದಿಲ್ಲ, ಕುಸುರಿ ಕೆಲಸದವನ ಜಾಗದಿಂದ ಎತ್ತಿ ನಿಯಮ ಬರೆದವನ ಜಾಗದಲ್ಲಿ ಕೂರಿಸುತ್ತಾನೆ.

ಒಂದು ಜಾತಿ ಇನ್ನೊಂದಾಗುವುದು ಹೇಗೆ? ಇದಕ್ಕೆ ಆತ ಭ್ರೂಣದ ಬೆಳವಣಿಗೆಯನ್ನು ತೋರಿಸಿದ. ಮೀನು, ಸರೀಸೃಪ, ಹಕ್ಕಿ, ಸಸ್ತನಿ ನಾಲ್ಕರ ಭ್ರೂಣಗಳೂ ಮೊದಲು ಒಂದೇ ದಾರಿಯಲ್ಲಿ ನಡೆಯುತ್ತವೆ. ಒಂದು ತಿರುವಿನಲ್ಲಿ ಮೀನು ಪಕ್ಕಕ್ಕೆ ಹೊರಳುತ್ತದೆ, ಮುಂದಿನ ತಿರುವಿನಲ್ಲಿ ಸರೀಸೃಪ, ಆಮೇಲೆ ಹಕ್ಕಿ. ಗರ್ಭದ ಅವಧಿ ಸ್ವಲ್ಪ ಹೆಚ್ಚಾಗಿ ಭ್ರೂಣ ಒಂದು ತಿರುವನ್ನು ದಾಟಿ ಮುಂದೆ ಹೋದರೆ ಮೇಲಿನ ಜಾತಿ ಹುಟ್ಟುತ್ತದೆ ಎಂದು ಆತನ ಊಹೆ. ಇಂಥ ಹಠಾತ್ ನೆಗೆತವೂ ನಿಯಮದ ಒಳಗೇ ಇರಬಲ್ಲದು ಎನ್ನಲು ಚಾರ್ಲ್ಸ್ ಬ್ಯಾಬೇಜ್‌ನ ಲೆಕ್ಕದ ಯಂತ್ರವನ್ನು ಸಾಕ್ಷಿಗೆ ಕರೆಯುತ್ತಾನೆ: ಯಂತ್ರ ಒಂದು, ಎರಡು, ಮೂರು ಎಂದು ಹತ್ತು ಕೋಟಿಯವರೆಗೂ ಎಣಿಸಿ, ಆಮೇಲೆ ಏಕಾಏಕಿ ದೊಡ್ಡ ಅಂಕಿಗೆ ಹಾರಬಹುದು. ನೋಡುವವನಿಗೆ ಪವಾಡ, ಯಂತ್ರ ಮಾಡಿದವನಿಗೆ ಮೊದಲೇ ಗೊತ್ತಿದ್ದ ಏರ್ಪಾಟು. ಕಂಪ್ಯೂಟರಿನ ಮುತ್ತಜ್ಜನನ್ನು ಜೀವವಿಕಾಸದ ವಾದಕ್ಕೆ ಎಳೆದು ತಂದದ್ದು 1844ರಲ್ಲಿ, ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ಕಾಳಿನ ಜೊತೆಗೆ ಜೊಳ್ಳೂ ಬೇಕಾದಷ್ಟಿದೆ. ಓಟ್ಸ್ ಪೈರನ್ನು ಕಾಳು ಕಟ್ಟಲು ಬಿಡದೆ ಕೊಯ್ಯುತ್ತ ಹೋದರೆ ಅದು ರೈ ಎಂಬ ಬೇರೆಯೇ ಧಾನ್ಯ ಆಗಿಬಿಡುತ್ತದೆ ಎಂದು ನಂಬಿ ಬರೆದ. ಆ್ಯಂಡ್ರೂ ಕ್ರಾಸ್ ಎಂಬ ಹವ್ಯಾಸಿ ವಿದ್ಯುತ್ ಹಾಯಿಸಿದ ದ್ರಾವಣದಲ್ಲಿ ಪುಟ್ಟ ಹುಳುಗಳು ಹುಟ್ಟಿದವು ಎಂದದ್ದನ್ನೂ ಜೀವ ತಾನಾಗಿ ಹುಟ್ಟುವುದಕ್ಕೆ ಪುರಾವೆ ಎಂದು ಸೇರಿಸಿದ. ಪ್ರಾಣಿಗಳೆಲ್ಲ ಐದೈದರ ವೃತ್ತಗಳಲ್ಲಿ ಜೋಡಣೆಯಾಗಿವೆ ಎಂಬ ವಿಚಿತ್ರ ವರ್ಗೀಕರಣವನ್ನೂ ಎತ್ತಿಕೊಂಡ. ಇನ್ನೊಂದನ್ನು ನಾವು ಮರೆಯಬಾರದು. ಮನುಷ್ಯ ಜನಾಂಗಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ಬಿಳಿಯರನ್ನು ತುದಿಯಲ್ಲಿ ಕೂರಿಸಿದ, ಉಳಿದವರು ಆ ತುದಿಗೆ ಹೋಗುವ ದಾರಿಯ ಅರೆಬೆಳೆದ ಹಂತಗಳು ಎಂದ. ಆ ಕಾಲದಲ್ಲಿ ಹಲವರು ಹಾಗೇ ಬರೆಯುತ್ತಿದ್ದರು, ನಿಜ. ಆತನನ್ನು ಸ್ಕಾಟ್ಲೆಂಡಿನ ಕ್ರಾಂತಿವೀರ ಎಂದು ಹೊಗಳುವವರು ಆ ಪುಟಗಳನ್ನೂ ಓದಿ ಹೊಗಳಬೇಕು ಎನ್ನುವುದಷ್ಟೇ ನನ್ನ ಮಾತು.

ಪುಸ್ತಕ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಏಳೆಂಟು ತಿಂಗಳಲ್ಲಿ ನಾಲ್ಕು ಮುದ್ರಣ. ರಾಜಕುಮಾರ ಆಲ್ಬರ್ಟ್ ರಾಣಿ ವಿಕ್ಟೋರಿಯಾಗೆ ಗಟ್ಟಿಯಾಗಿ ಓದಿ ಹೇಳಿದ. ಕವಿ ಟೆನ್ನಿಸನ್ ತರಿಸಿಕೊಂಡು ಓದಿದ. ಅಮೆರಿಕದಲ್ಲಿ ಅಬ್ರಹಾಂ ಲಿಂಕನ್ ಓದಿದ ಎಂದು ಆತನ ವಕೀಲಿ ಪಾಲುದಾರ ಹೇಳಿದ್ದಾನೆ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಡಿಸ್ರೇಲಿ 1847ರ ತನ್ನ ಕಾದಂಬರಿಯಲ್ಲಿ, ಇಂಥದೊಂದು ಪುಸ್ತಕ ಓದಿ ‘ಮೊದಲು ಏನೂ ಇರಲಿಲ್ಲ, ಆಮೇಲೆ ಏನೋ ಇತ್ತು, ಆಮೇಲೆ ಚಿಪ್ಪು, ಆಮೇಲೆ ಮೀನು, ಆಮೇಲೆ ನಾವು’ ಎಂಬ ಧಾಟಿಯಲ್ಲಿ ಹರಟುವ ಶ್ರೀಮಂತ ಹೆಂಗಸನ್ನು ತಂದು ನಗೆಯಾಡಿದ.

ಬರೆದವರು ಯಾರು ಎನ್ನುವ ಊಹೆಯಂತೂ ಊರ ಆಟವಾಯಿತು. ಬ್ಯಾಬೇಜ್ ಇರಬಹುದೇ? ಏಡಾ ಲವ್‌ಲೇಸ್? ಕಾದಂಬರಿಕಾರ ಥ್ಯಾಕರೆ? ಭೂವಿಜ್ಞಾನಿ ಲಯಲ್? ಕೆಲವರು ಆಲ್ಬರ್ಟ್‌ನನ್ನೇ ಹೆಸರಿಸಿದರು. ಡಾರ್ವಿನ್‌ನ ಹೆಸರೂ ತೇಲಿ ಬಂತು! ಅದಕ್ಕೆ ಹೆಮ್ಮೆಪಡಬೇಕೋ ಬೇಸರಪಡಬೇಕೋ ಎಂಬಂತೆ ಡಾರ್ವಿನ್ ತಮಾಷೆಯಾಗಿ ಒಬ್ಬ ಗೆಳೆಯನಿಗೆ ಬರೆದ. ಕೇಂಬ್ರಿಡ್ಜ್‌ನ ಭೂವಿಜ್ಞಾನಿ, ಪಾದ್ರಿಯೂ ಆಗಿದ್ದ ಆ್ಯಡಂ ಸೆಜ್‌ವಿಕ್ 1845ರ ಜುಲೈನಲ್ಲಿ ‘ಎಡಿನ್‌ಬರೊ ರಿವ್ಯೂ’ನಲ್ಲಿ 85 ಪುಟಗಳ ವಿಮರ್ಶೆ ಬರೆದು ಪುಸ್ತಕವನ್ನು ಚಿಂದಿ ಮಾಡಿದ. ಇಷ್ಟು ಹಗುರವಾದ ತರ್ಕ ಹೆಂಗಸಿನದೇ ಇರಬೇಕು ಎಂದೂ ಅವನಿಗೆ ಗುಮಾನಿ ಇತ್ತು. ಚೇಂಬರ್ಸ್ ಹುಟ್ಟಿದ ವರ್ಷವೇ ಹುಟ್ಟಿದ, ಕಲ್ಲುಕುಟಿಗನಾಗಿ ಬದುಕು ಶುರುಮಾಡಿ ಪತ್ರಿಕೆಯ ಸಂಪಾದಕನಾದ ಹ್ಯೂ ಮಿಲ್ಲರ್ 1849ರಲ್ಲಿ ಇದನ್ನು ಖಂಡಿಸಲೆಂದೇ ಒಂದು ಇಡೀ ಪುಸ್ತಕ ಬರೆದ. ಪುರಾತನ ಮೀನಿನ ಪಳೆಯುಳಿಕೆ ಸರಳವೇನಲ್ಲ, ಎಷ್ಟು ದೊಡ್ಡದು, ಎಷ್ಟು ಸಂಕೀರ್ಣ ನೋಡಿ ಎಂದು ಅವನ ವಾದ. ಪ್ರಾಣಿವಿಜ್ಞಾನಿ ಥಾಮಸ್ ಹಕ್ಸ್‌ಲಿ 1854ರಲ್ಲಿ ಹತ್ತನೇ ಮುದ್ರಣದ ಮೇಲೆ ಎಷ್ಟು ಕ್ರೂರವಾಗಿ ಬರೆದನೆಂದರೆ, ತನ್ನ ಮನಸ್ಸು ಚುಚ್ಚುವ ವಿಮರ್ಶೆ ಅದೊಂದೇ ಎಂದು ಮುಂದೆ ತಾನೇ ಒಪ್ಪಿಕೊಂಡ.

ರಾಬರ್ಟ್ ಸುಮ್ಮನಿರಲಿಲ್ಲ. 1845ರ ಕೊನೆಗೆ ‘ಎಕ್ಸ್‌ಪ್ಲನೇಷನ್ಸ್’ ಎಂಬ ಉತ್ತರ ಪುಸ್ತಕ ಬಂತು, ಅದೂ ಅನಾಮಿಕ. ಪ್ರತಿ ಮುದ್ರಣದಲ್ಲೂ ತಪ್ಪು ತಿದ್ದಿದ. ಇಷ್ಟರ ನಡುವೆ ತನ್ನ ಹೆಸರಿನಲ್ಲೇ ಭೂವಿಜ್ಞಾನ ಮಾಡತೊಡಗಿದ. ಸ್ಕಾಟ್ಲೆಂಡಿನ ಕರಾವಳಿಯ ಹಳೇ ಕಡಲಂಚಿನ ದಿಬ್ಬಗಳ ಎತ್ತರ ಅಳೆದು 1848ರಲ್ಲಿ ‘ಏನ್ಶಂಟ್ ಸೀ ಮಾರ್ಜಿನ್ಸ್’ ಪ್ರಕಟಿಸಿದ. ನಾರ್ವೆ, ಐಸ್‌ಲ್ಯಾಂಡ್ ಸುತ್ತಿ ಹಿಮನದಿಗಳ ಗುರುತು ಹುಡುಕಿದ. ಪುಸ್ತಕದಿಂದ ವಿಜ್ಞಾನ ಕಲಿತವನು ಎಂಬ ಚುಚ್ಚುಮಾತಿಗೆ ಕಾಲಿನಿಂದ ಉತ್ತರ ಕೊಟ್ಟ ಎನ್ನಬಹುದು, ಅದೂ ನೋಯುವ ಕಾಲಿನಿಂದ.

ಈಗ ನಿಮ್ಮ ‘ಯಾರಿಗೆ ಹೆದರಿದ’ ಎನ್ನುವ ಪ್ರಶ್ನೆ. ಮುಂದೊಮ್ಮೆ ಅಳಿಯನೊಬ್ಬ ಇದನ್ನೇ ಕೇಳಿದಾಗ, ಮಕ್ಕಳಿಂದ ತುಂಬಿದ್ದ ತನ್ನ ಮನೆಯ ಕಡೆ ಕೈ ತೋರಿಸಿ, ತನಗೆ 11 ಕಾರಣಗಳಿವೆ ಎಂದನಂತೆ. ಅಣ್ಣನ ಪಾಲು, ಪ್ರೆಸ್ಸಿನ ಕೆಲಸಗಾರರು, ಶಾಲೆಗಳಿಗೆ ಹೋಗುವ ಪಠ್ಯಪುಸ್ತಕ ಎಲ್ಲವೂ ಆ ಒಂದು ಹೆಸರಿನ ಮೇಲೆ ನಿಂತಿದ್ದವು. ಹೆದರಿಕೆ ಗಾಳಿಗುದ್ದಾಟವೇನೂ ಆಗಿರಲಿಲ್ಲ. 1848ರಲ್ಲಿ ಎಡಿನ್‌ಬರೊದ ಲಾರ್ಡ್ ಪ್ರೊವೋಸ್ಟ್, ಅಂದರೆ ನಗರದ ಮೇಯರ್ ಹುದ್ದೆಗೆ ಆತನ ಹೆಸರು ಬಂದಾಗ, ‘ಆ ನಾಸ್ತಿಕ ಪುಸ್ತಕ ಇವನದೇ’ ಎಂಬ ಗುಸುಗುಸು ಎದ್ದಿತು. ಹೌದು ಎನ್ನುವಂತಿಲ್ಲ, ಅಲ್ಲ ಎಂದು ಸುಳ್ಳಾಡಲು ಮನಸ್ಸಿಲ್ಲ. ಸ್ಪರ್ಧೆಯಿಂದ ಹಿಂದೆ ಸರಿದ. ಅದೇ ಹುದ್ದೆ 1865ರಲ್ಲಿ ಅಣ್ಣ ವಿಲಿಯಂಗೆ ಸಿಕ್ಕಿತು. ಎಡಿನ್‌ಬರೊದ ಚೇಂಬರ್ಸ್ ಸ್ಟ್ರೀಟ್ ಅವನ ಹೆಸರಿನದು.

ಹೆಸರಿಲ್ಲದ್ದೇ ಒಳ್ಳೆಯ ಜಾಹೀರಾತು ಆಯಿತು ಎನ್ನುವುದನ್ನೂ ಸೇರಿಸಬೇಕು. ಎಡಿನ್‌ಬರೊದ ಪತ್ರಿಕೆಯವನೊಬ್ಬ, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವನು ಬರೆದದ್ದು ಎಂದು ಗೊತ್ತಿದ್ದರೆ ಅರ್ಧ ಜನ ಮೊದಲ ಪುಟ ತಿರುಗಿಸುತ್ತಿರಲಿಲ್ಲ. ರಾಜಕುಮಾರ ಬರೆದಿರಬಹುದು ಎಂದಾಗ ಎಲ್ಲರೂ ಕೊಳ್ಳುತ್ತಾರೆ. ಇದು ಆತನಿಗೆ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಕಳ್ಳತನದ ಆರೋಪಕ್ಕೆ ಬರೋಣ. ತಾರೀಖು ನೋಡಿದರೆ ಸಾಕು. ಡಾರ್ವಿನ್ ನೈಸರ್ಗಿಕ ಆಯ್ಕೆಯ ವಿಚಾರವನ್ನು 1842ರಲ್ಲಿ ಚಿಕ್ಕದಾಗಿ ಬರೆದಿಟ್ಟಿದ್ದ. 1844ರ ಜುಲೈ ಹೊತ್ತಿಗೆ ಅದನ್ನೇ ಸುಮಾರು 230 ಪುಟಗಳಿಗೆ ಬೆಳೆಸಿ, ತಾನು ಸತ್ತರೆ 400 ಪೌಂಡ್ ಖರ್ಚು ಮಾಡಿ ಅಚ್ಚು ಹಾಕಿಸು ಎಂದು ಹೆಂಡತಿ ಎಮ್ಮಾಗೆ ಪತ್ರ ಬರೆದಿಟ್ಟ. ‘ವೆಸ್ಟಿಜಸ್’ ಬಂದದ್ದು ಅದಾಗಿ ಮೂರು ತಿಂಗಳಿಗೆ. ಡಾರ್ವಿನ್ ಅದನ್ನು ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದಲ್ಲಿ ಕೂತು ಓದಿದ. ಭಾಷೆ ಚೆನ್ನಾಗಿದೆ, ಭೂವಿಜ್ಞಾನ ಕೆಟ್ಟದು, ಪ್ರಾಣಿವಿಜ್ಞಾನ ಇನ್ನೂ ಕೆಟ್ಟದು ಎಂದು ಗೆಳೆಯ ಹೂಕರ್‌ಗೆ ತಿಳಿಸಿದ. ಎರಡು ವಿಚಾರಗಳೂ ಒಂದೇ ಅಲ್ಲ ಎನ್ನುವುದು ಅದಕ್ಕಿಂತ ಮುಖ್ಯ. ಚೇಂಬರ್ಸ್‌ನದು ಮೊದಲೇ ಬರೆದಿಟ್ಟ ಏರುಮೆಟ್ಟಿಲು. ಡಾರ್ವಿನ್‌ನಲ್ಲಿ ಮೆಟ್ಟಿಲೂ ಇಲ್ಲ, ಮೇಲೆ ಹತ್ತಲೇಬೇಕೆಂಬ ಕಟ್ಟಳೆಯೂ ಇಲ್ಲ. ಸಣ್ಣ ಸಣ್ಣ ವ್ಯತ್ಯಾಸಗಳು ಹುಟ್ಟುತ್ತವೆ, ಬದುಕಿನ ಪೈಪೋಟಿಯಲ್ಲಿ ಕೆಲವು ಉಳಿಯುತ್ತವೆ. ಹೇಗೆ ಎಂಬ ಪ್ರಶ್ನೆಗೆ ಉತ್ತರ ಇದ್ದದ್ದು ಡಾರ್ವಿನ್ ಬಳಿ.

ಸೆಜ್‌ವಿಕ್ ಒಂದು ಕಾಲದಲ್ಲಿ ಡಾರ್ವಿನ್‌ಗೆ ಭೂವಿಜ್ಞಾನ ಹೇಳಿಕೊಟ್ಟವನು. ಆ ಗುರು 85 ಪುಟ ಬೆಂಕಿ ಕಾರಿದ್ದನ್ನು ನೋಡಿದ ಶಿಷ್ಯ, ತನ್ನ ಪುಸ್ತಕ ಬಂದಾಗ ಎಲ್ಲೆಲ್ಲಿ ಏಟು ಬೀಳುತ್ತದೆ ಎಂದು ಅಂದಾಜು ಮಾಡದೆ ಇದ್ದಾನೆಯೇ? ಡಾರ್ವಿನ್ 1846ರಿಂದ ಎಂಟು ವರ್ಷ ಬಂಡೆಗಂಟುವ ಬಾರ್ನಕಲ್ ಎಂಬ ಕಡಲಜೀವಿಗಳ ಅಧ್ಯಯನದಲ್ಲಿ ಕಳೆದದ್ದಕ್ಕೆ ‘ವೆಸ್ಟಿಜಸ್’ ಗಲಾಟೆಯೇ ಕಾರಣ ಎನ್ನುವವರಿದ್ದಾರೆ. ಅಷ್ಟು ನೇರವಾಗಿ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಜಾತಿಗಳ ಬಗ್ಗೆ ಬಾಯಿ ಬಿಡುವ ಮೊದಲು ಒಂದು ಗುಂಪನ್ನಾದರೂ ಅಂಗುಲ ಅಂಗುಲವಾಗಿ ಬಲ್ಲವನಾಗಿರಬೇಕು ಎಂಬ ಎಚ್ಚರಕ್ಕೆ ಈ ಗಲಾಟೆ ನೀರೆರೆದಿರಬೇಕು.

ಚೇಂಬರ್ಸ್‌ಗೆ ನಿಜವಾಗಿ ಋಣಿಯಾದವನು ಇನ್ನೊಬ್ಬ: ಆಲ್‌ಫ್ರೆಡ್ ರಸೆಲ್ ವಾಲೇಸ್. 1845ರಲ್ಲಿ ಅದನ್ನು ಓದಿದಾಗ ಅವನಿಗೆ 22. ಪಂಡಿತರು ಹಳಿಯುತ್ತಿದ್ದ ಪುಸ್ತಕವನ್ನು ಅವನು ಗೆಳೆಯ ಬೇಟ್ಸ್‌ಗೆ ಬರೆದ ಪತ್ರದಲ್ಲಿ ಜಾಣ ಊಹೆ ಎಂದು ಕರೆದ, ಪುರಾವೆ ಹುಡುಕಬೇಕು ಎಂದುಕೊಂಡ. 1848ರಲ್ಲಿ ಇಬ್ಬರೂ ಅಮೆಜಾನ್ ಕಾಡಿಗೆ ಹೊರಟೇಬಿಟ್ಟರು. ಹತ್ತು ವರ್ಷದ ಮೇಲೆ ಮಲಯ ದ್ವೀಪಗಳಿಂದ ಅದೇ ವಾಲೇಸ್ ಕಳಿಸಿದ, ನೈಸರ್ಗಿಕ ಆಯ್ಕೆಯ ವಿಚಾರವನ್ನೇ ಹೇಳುವ ಲೇಖನ ಡಾರ್ವಿನ್‌ನನ್ನು ಅವಸರಕ್ಕೆ ಬೀಳಿಸಿತು.

1859ರ ತನ್ನ ‘ಆರಿಜಿನ್ ಆಫ್ ಸ್ಪೀಷೀಸ್’ ಪುಸ್ತಕದ ಪೀಠಿಕೆಯಲ್ಲಿ ಡಾರ್ವಿನ್ ‘ವೆಸ್ಟಿಜಸ್’ ಲೇಖಕನನ್ನು ಸ್ವಲ್ಪ ಕುಟುಕಿದ: ಇವರ ಪ್ರಕಾರ ಯಾವುದೋ ಹಕ್ಕಿ ಒಂದು ದಿನ ಮರಕುಟಿಗವನ್ನು ಹೆತ್ತಿತು ಎಂಬಂತೆ. ಚೇಂಬರ್ಸ್ ನೊಂದುಕೊಂಡ, ಆದರೆ ತನ್ನ ಪತ್ರಿಕೆಯಲ್ಲಿ ಆ ಪುಸ್ತಕಕ್ಕೆ ಬೆಂಬಲವಾಗಿಯೇ ನಿಂತ. ಡಾರ್ವಿನ್ ಆ ಸಾಲುಗಳನ್ನು ಆಮೇಲೆ ತೆಗೆದುಹಾಕಿ, 1861ರ ಮುದ್ರಣಕ್ಕೆ ಸೇರಿಸಿದ ಚಾರಿತ್ರಿಕ ಟಿಪ್ಪಣಿಯಲ್ಲಿ, ಜನರ ಪೂರ್ವಗ್ರಹ ಕಳೆದು ನೆಲ ಹದಮಾಡಿದ ಶ್ರೇಯಸ್ಸನ್ನು ‘ವೆಸ್ಟಿಜಸ್’ಗೆ ಕೊಟ್ಟ. ಬರೆದವನು ಯಾರೆಂದು 1847ರಲ್ಲೇ, ಚೇಂಬರ್ಸ್ ಭೇಟಿಯಾಗಿ ಹೋದ ಮೇಲೆ, ಡಾರ್ವಿನ್ ಊಹಿಸಿಬಿಟ್ಟಿದ್ದ.

ಆಕ್ಸ್‌ಫರ್ಡ್‌ನ ಎರಡು ದೃಶ್ಯಗಳನ್ನು ಹೇಳದೆ ಇರಲಾರೆ. 1847ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಘದ ಸಭೆ ಅಲ್ಲಿ ನಡೆದಾಗ ಬಿಷಪ್ ಸ್ಯಾಮ್ಯುಯೆಲ್ ವಿಲ್ಬರ್‌ಫೋರ್ಸ್ ತುಂಬಿದ ಚರ್ಚಿನಲ್ಲಿ ಅರೆಬೆಂದ ವಿಜ್ಞಾನದ ವಿರುದ್ಧ ಪ್ರವಚನ ಮಾಡಿದ. ರಾಬರ್ಟ್ ಆ ಸಭಿಕರ ನಡುವೆ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಹದಿಮೂರು ವರ್ಷದ ಮೇಲೆ, 1860ರ ಜೂನ್ ಕೊನೆಯಲ್ಲಿ, ಅದೇ ಊರು, ಅದೇ ಸಭೆ, ಅದೇ ಬಿಷಪ್. ಹಕ್ಸ್‌ಲಿ ಸಾಕಾಗಿ ಊರಿಗೆ ಹೊರಟಿದ್ದ. ಶುಕ್ರವಾರ ಬೀದಿಯಲ್ಲಿ ಎದುರಾದ ಚೇಂಬರ್ಸ್, ನಮ್ಮನ್ನು ನಡುನೀರಿನಲ್ಲಿ ಬಿಟ್ಟು ಹೋಗುತ್ತೀಯಾ ಎಂದು ತರಾಟೆಗೆ ತೆಗೆದುಕೊಂಡ. ಹಕ್ಸ್‌ಲಿ ಉಳಿದ. ಶನಿವಾರ, ಜೂನ್ 30ರಂದು ಬಿಷಪ್‌ಗೂ ಹಕ್ಸ್‌ಲಿಗೂ ಡಾರ್ವಿನ್‌ನ ವಾದದ ಮೇಲೆ ನಡೆದ ಜಟಾಪಟಿ ಇವತ್ತಿಗೂ ವಿಜ್ಞಾನ ಚರಿತ್ರೆಯಲ್ಲಿ ಪ್ರಸಿದ್ಧ. ಆರು ವರ್ಷ ಮೊದಲು ತನ್ನನ್ನು ಹಿಗ್ಗಾಮುಗ್ಗಾ ಹೊಡೆದವನನ್ನೇ ಕೈಹಿಡಿದು ಅಖಾಡಕ್ಕೆ ಇಳಿಸಿದವನು ಈ ಅನಾಮಿಕ.

ಕೊನೆಯ ವರ್ಷಗಳು ಬೇಗ ಹೇಳಿ ಮುಗಿಸುವಂಥವು. ಪ್ರೇತಗಳನ್ನು ಕರೆಯುವ ಕೂಟಗಳ ಕಡೆ ಒಲವು ಹತ್ತಿತು, ಡಿ. ಡಿ. ಹೋಮ್ ಎಂಬ, ಪ್ರೇತಗಳ ಮಾತು ತನ್ನ ಮೂಲಕ ಬರುತ್ತದೆ ಎನ್ನುತ್ತಿದ್ದ ಪ್ರಸಿದ್ಧನ ಆತ್ಮಕಥೆಗೆ ಹೆಸರಿಲ್ಲದೆ ಮುನ್ನುಡಿ ಬರೆದ. ಹೆಸರಿಲ್ಲದೆ ಬರೆಯುವುದು ಚಟವೇ ಆಗಿತ್ತೋ ಏನೋ. 1863ರಲ್ಲಿ ಆ್ಯನ್ ತೀರಿಕೊಂಡಳು. ವರ್ಷದ ದಿನದಿನಕ್ಕೂ ಒಂದೊಂದು ಕಥೆ ಹೇಳುವ ‘ಬುಕ್ ಆಫ್ ಡೇಸ್’ನ ದುಡಿಮೆ ಆರೋಗ್ಯ ಕೆಡಿಸಿತು. 1871ರ ಮಾರ್ಚ್ 17ರಂದು ಸೇಂಟ್ ಆ್ಯಂಡ್ರೂಸ್‌ನಲ್ಲೇ ಸತ್ತ. ಮರುವರ್ಷ ತಮ್ಮನ ಜೀವನಚರಿತ್ರೆ ಬರೆದ ವಿಲಿಯಂ ಕೂಡ ಗುಟ್ಟು ಬಿಡಲಿಲ್ಲ. 1883ರಲ್ಲಿ ಅವನೂ ಹೋದ ಮೇಲೆ ಗುಟ್ಟು ತಿಳಿದವರಲ್ಲಿ ಉಳಿದವನು ಐರ್ಲೆಂಡ್ ಒಬ್ಬನೇ. 1884ರ ಹನ್ನೆರಡನೇ ಮುದ್ರಣದಲ್ಲಿ ಅವನು ಎಲ್ಲವನ್ನೂ ಬರೆದ. ಪುಸ್ತಕ ಹುಟ್ಟಿ 40 ವರ್ಷವಾದ ಮೇಲೆ ಅದಕ್ಕೊಬ್ಬ ಅಪ್ಪ ಸಿಕ್ಕಿದ.

ಇನ್ನು ನಿಮ್ಮ ಅಜ್ಜನ ಡಿಕ್ಷನರಿ. ಹೆಸರು ಈ ಅಣ್ಣತಮ್ಮಂದಿರ ಸಂಸ್ಥೆಯದೇ. 1728ರ ‘ಸೈಕ್ಲೋಪೀಡಿಯಾ’ದ ಈಫ್ರೆಯಿಂ ಚೇಂಬರ್ಸ್ ಬೇರೆಯವನು, ಇವರಿಗೂ ಅವನಿಗೂ ಗಂಟು ಹಾಕಬೇಡಿ. ಸಂಸ್ಥೆಯ ಮೊದಲ ಇಂಗ್ಲಿಷ್ ಡಿಕ್ಷನರಿ ರಾಬರ್ಟ್ ಬದುಕಿದ್ದಾಗಲೇ 1867ರಲ್ಲಿ ಬಂತು, ಸಂಪಾದಿಸಿದವನು ಜೇಮ್ಸ್ ಡೊನಾಲ್ಡ್. ನಮ್ಮಲ್ಲಿ ಹಳೇ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು 1901ರಲ್ಲಿ ಮೊದಲು ಬಂದ ‘ಟ್ವೆಂಟಿಯತ್ ಸೆಂಚುರಿ ಡಿಕ್ಷನರಿ’ಯ ಯಾವುದಾದರೊಂದು ಮುದ್ರಣ. ಮೊದಲ ಪುಟ ನೋಡಿದರೆ ನಿಮ್ಮದು ಯಾವುದೆಂದು ತಿಳಿಯುತ್ತದೆ. ಹಾಗೇ ‘ಎಕ್ಲೇರ್’ ಎಂಬ ಪದವನ್ನೂ ತೆಗೆದು ನೋಡಿ. ಈ ಡಿಕ್ಷನರಿಯ ಹಲವು ಮುದ್ರಣಗಳಲ್ಲಿ, ಆಕಾರದಲ್ಲಿ ಉದ್ದ, ಆಯುಸ್ಸಿನಲ್ಲಿ ಗಿಡ್ಡವಾದ ಕೇಕು ಎಂಬ ಅರ್ಥ ಕೊಟ್ಟಿದ್ದಾರೆ. ಆ ತಮಾಷೆಯನ್ನು ಬರೆದವರೂ ತಮ್ಮ ಹೆಸರು ಹಾಕಿಕೊಂಡಿಲ್ಲ.